ಬೂಷ್ಟು ಎಂಬ ಪದ ಬಳಸಕೂಡದು

ಆ ಆಸ್ಪತ್ರೆಗೆ ಏಳು ಮಹಡಿ. ಲಿಫ್ಟಿನಲ್ಲಿ ಮಾತ್ರ ಎಂಟು ಗುಂಡಿ. ಎಂಟನೆಯದು ನೆಲಮಾಳಿಗೆಯದು. ಅದನ್ನು ಒತ್ತುತ್ತಿದ್ದವರೆಂದರೆ ದಾರಿ ತಪ್ಪಿದ ರೋಗಿಗಳು ಮತ್ತು ಫೈಲಕ್ಕ.

ಹೆತ್ತವರು ಅವಳಿಗೆ ಚೆಂದದ ಹೆಸರನ್ನೇ ಇಟ್ಟಿದ್ದರು. ಆದರೆ ಹನ್ನೊಂದು ವರ್ಷ ರೋಗಿಗಳ ಕಡತಗಳ ನಡುವೆ ಕೂತ ಮೇಲೆ ಆ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಾಗುತ್ತಿತ್ತು. ನೆಲ ಒರೆಸುವವರಿಂದ ಹಿಡಿದು ದೊಡ್ಡ ಡಾಕ್ಟರರ ತನಕ ಎಲ್ಲರ ಬಾಯಲ್ಲೂ ಅವಳು ಫೈಲಕ್ಕ. ನಲವತ್ತೆರಡು ಕಬ್ಬಿಣದ ರ್‍ಯಾಕುಗಳು, ಅವುಗಳ ತುಂಬ ಕಂದು ರಟ್ಟಿನ ಹೊದಿಕೆಯ ಕಡತಗಳು, ನಡುವೆ ಒಬ್ಬರು ಅಡ್ಡಡ್ಡವಾಗಿ ನುಸುಳಬಹುದಾದ ಓಣಿಗಳು. ಇದು ಅವಳ ಸಾಮ್ರಾಜ್ಯ. ವಾರ್ಡಿನಿಂದ ಫೋನು ಬಂದು, "ಫೈಲಕ್ಕಾ, ಹೋದ ವರ್ಷ ಜಗಳ ಆಡ್ಕೊಂಡು ಡಿಸ್ಚಾರ್ಜ್ ಆದ್ರಲ್ಲ ಆ ಅಜ್ಜ, ಅವರ ಫೈಲು" ಎಂದರೆ ಸಾಕು, ಹದಿನೇಳನೆಯ ರ್‍ಯಾಕಿನ ಮೂರನೆಯ ಸಾಲಿನಿಂದ ಕಣ್ಣು ಮುಚ್ಚಿ ಎಳೆದುಕೊಡುತ್ತಿದ್ದಳು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವ ಕೆಲಸ ಆರು ವರ್ಷದಿಂದ "ಪ್ರಗತಿಯಲ್ಲಿ" ಇತ್ತು. ಅದಕ್ಕೆಂದು ತಂದ ಯಂತ್ರದ ಮೇಲೆ ಯಾರೋ ಹೂಕುಂಡ ಇಟ್ಟಿದ್ದರು.

ಆ ರ್‍ಯಾಕುಗಳಲ್ಲಿ ಅವಳದೂ ಒಂದು ಕಡತವಿತ್ತು. ಒಂದಲ್ಲ, ಮೂರು ಸಂಪುಟ. ಫೈಲಕ್ಕನಿಗೆ ಹುಟ್ಟಿನಿಂದ ಸಿಕಲ್ ಸೆಲ್ ಕಾಯಿಲೆ. ನಮ್ಮ ನಿಮ್ಮ ರಕ್ತದ ಕೆಂಪುಕಣಗಳು ದುಂಡಗೆ ಮೆತ್ತಗೆ ಇದ್ದು ಎಂಥ ಸಣ್ಣ ನಾಳದಲ್ಲೂ ನುಸುಳಿಕೊಂಡು ಹೋಗುತ್ತವೆ. ಅವಳವು ಉಸಿರಿನ ಗಾಳಿ ಸಾಲದೆ ಹೋದರೆ ಕುಡುಗೋಲಿನ ಹಾಗೆ ಬಾಗಿ, ಗಟ್ಟಿಯಾಗಿ, ಒಂದಕ್ಕೊಂದು ಸಿಕ್ಕಿಕೊಂಡು ದಾರಿ ಕಟ್ಟಿಬಿಡುತ್ತಿದ್ದವು. ಆಗ ಬರುವ ನೋವನ್ನು ಅವಳು ಯಾರಿಗೂ ವಿವರಿಸಲು ಹೋಗುತ್ತಿರಲಿಲ್ಲ. "ಮೂಳೆ ಒಳಗಡೆ ಬಾಗಿಲು ಹಾಕಿದ ಹಾಗೆ" ಎಂದು ಒಮ್ಮೆ ಗಂಡನಿಗೆ ಹೇಳಿದ್ದಳು. ಅವನು ಬೀಗ ರಿಪೇರಿ ಮಾಡುವವನು. ಬಾಗಿಲು ಎಂದ ಕೂಡಲೇ ತನ್ನಿಂದ ಏನಾದರೂ ಆದೀತೇನೋ ಎಂದು ಪಾಪ, ಎರಡು ದಿನ ಯೋಚಿಸಿದ್ದ.

ಆದರೂ ಕಾಯಿಲೆಯ ಜೊತೆ ಹೊಂದಿಕೊಂಡು ಬದುಕುವುದನ್ನು ಅವಳು ಕಲಿತಿದ್ದಳು. ದಿನಾ ಗುಳಿಗೆ, ಲೋಟಗಟ್ಟಲೆ ನೀರು, ಚಳಿಗೆ ಸ್ವೆಟರು. ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ನಾಲ್ಕನೆಯ ಮಹಡಿಯಲ್ಲಿ ಮಲಗಿ ಎದ್ದು ಬರುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆಯಿತು.

ಹತ್ತನೆಯ ವರ್ಷ ನೆಲಮಾಳಿಗೆಯ ಚಾವಣಿಯಲ್ಲಿ ಹಾದುಹೋಗುವ ಪೈಪೊಂದು ಒಡೆಯಿತು. ನಲ್ಲಿ ಕೆಲಸದವನು ಬಂದು ಅದಕ್ಕೆ ರಬ್ಬರು ಪಟ್ಟಿ ಸುತ್ತಿ, "ಸದ್ಯಕ್ಕೆ ಇರಲಿ" ಎಂದು ಹೋದ. ಆ ಸದ್ಯ ಎರಡು ವರ್ಷ ಬಾಳಿತು. ಹಿಂದಿನ ಗೋಡೆಯಲ್ಲಿ ಮೊದಲು ಬೂದಿ ಬಣ್ಣದ ಉಂಗುರಗಳು ಎದ್ದವು, ಆಮೇಲೆ ಹಸಿರು ಚುಕ್ಕೆಗಳು, ಆಮೇಲೆ ಮಸಿ ಎರಚಿದ ಹಾಗೆ ಕಪ್ಪು. ಗೋಡೆಯಿಂದ ಅದು ರ್‍ಯಾಕಿಗೆ ದಾಟಿತು, ರ್‍ಯಾಕಿನಿಂದ ಕಡತಗಳಿಗೆ. ರಟ್ಟುಗಳ ಮೇಲೆ ಬಿಳಿ ಹಿಟ್ಟು ಚಿಮುಕಿಸಿದಂತೆ ಬೂಷ್ಟು. ಫೈಲಕ್ಕ ಒಣಬಟ್ಟೆ ತೆಗೆದುಕೊಂಡು ಒರೆಸುವಳು. ಅದು ಹೊಗೆಯ ಹಾಗೆ ಎದ್ದು ಅವಳ ಮೂಗಿಗೇ ಹೋಗುವುದು.

ಮೊದಲು ಸೀನು ಬಂತು. ಆಮೇಲೆ ಕೆಮ್ಮು. ಆಮೇಲೆ ಎದೆಯಲ್ಲಿ ಸೀಟಿ ಊದಿದ ಸದ್ದು. ಸೀಟಿ ಶುರುವಾದ ಎರಡು ಮೂರು ದಿನಕ್ಕೆ ಸರಿಯಾಗಿ ಕೈಕಾಲಿನ ಮೂಳೆಗಳಲ್ಲಿ ನೋವು. ಹದಿನಾಲ್ಕು ತಿಂಗಳಲ್ಲಿ ಆರು ಸಲ ಅವಳು ನಾಲ್ಕನೆಯ ಮಹಡಿ ಸೇರಿದಳು. ದೂರ ಹೋಗಬೇಕಾದ್ದೇನೂ ಇರಲಿಲ್ಲ. ಕೆಲಸದ ಜಾಗದಲ್ಲಿ ಕಾಯಿಲೆ ಬೀಳುವುದು, ಲಿಫ್ಟು ಹತ್ತಿ ಹೋಗಿ ವಾಸಿ ಮಾಡಿಕೊಳ್ಳುವುದು, ಲಿಫ್ಟು ಇಳಿದು ಬಂದು ಮತ್ತೆ ಕಾಯಿಲೆ ಬೀಳುವುದು. ಎಲ್ಲ ಒಂದೇ ಸೂರಿನಡಿ. ಇಂಥ ಅನುಕೂಲ ಯಾವ ನೌಕರರಿಗಿದೆ?

ಅವಳನ್ನು ನೋಡುತ್ತಿದ್ದವರು ಇಬ್ಬರು ಡಾಕ್ಟರುಗಳು. ರಕ್ತದ ಡಾಕ್ಟರು ನಾಲ್ಕನೆಯ ಮಹಡಿ, ಎದೆಯ ಡಾಕ್ಟರು ಐದನೆಯದು. ಇಬ್ಬರೂ ಒಳ್ಳೆಯವರೇ, ಆದರೆ ಮಾತಿಲ್ಲ. ಯಾವುದೋ ಕಾಲದಲ್ಲಿ ಕಾರು ನಿಲ್ಲಿಸುವ ಜಾಗದ ವಿಷಯಕ್ಕೆ ಹತ್ತಿಕೊಂಡಿತ್ತಂತೆ. ಎದೆಯ ಡಾಕ್ಟರು ಉಬ್ಬಸಕ್ಕೆಂದು ಸ್ಟೀರಾಯ್ಡ್ ಮಾತ್ರೆ ಬರೆದರೆ, ಅದನ್ನು ನಿಲ್ಲಿಸಿದಾಗ ನೋವು ಮರುಕಳಿಸುತ್ತದೆಂದು ರಕ್ತದ ಡಾಕ್ಟರಮ್ಮ ಅದರ ಮೇಲೆ ಗೀಟು ಎಳೆಯುತ್ತಿದ್ದರು. ಅವರು "ಎದೆ ವಿಭಾಗದ ಅಭಿಪ್ರಾಯ ಪಡೆಯಿರಿ" ಎಂದು ಬರೆದರೆ ಇವರು "ರಕ್ತ ವಿಭಾಗದ ಅಭಿಪ್ರಾಯ ಪಡೆಯಿರಿ" ಎಂದು ಬರೆಯುತ್ತಿದ್ದರು. ಇಬ್ಬರ ಅಭಿಪ್ರಾಯವೂ ಕಡತದ ಮೇಲೆ ಕೂತು ಮೇಲಕ್ಕೂ ಕೆಳಕ್ಕೂ ಸವಾರಿ ಮಾಡುತ್ತಿತ್ತು. ಮಧ್ಯೆ ಅದನ್ನು ಹೊತ್ತು ತಿರುಗಿಸುವ ಕೆಲಸ ಮತ್ತೆ ಫೈಲಕ್ಕನದೇ.

ಒಂದು ದಿನ ಎದೆಯ ಡಾಕ್ಟರು ಕೇಳಿದರು, "ಮನೇಲಿ ಬೆಕ್ಕು ಇದೆಯೇನಮ್ಮ?"

"ಅತ್ತೆದು ಒಂದಿದೆ ಡಾಕ್ಟ್ರೇ."

"ಅಷ್ಟೇ ನೋಡಿ! ಅದನ್ನ ಮೊದಲು ಸಾಗಹಾಕಿ" ಎಂದು ದೊಡ್ಡ ರೋಗವೊಂದನ್ನು ಬೇರು ಸಮೇತ ಕಿತ್ತವರ ಹಾಗೆ ಪೆನ್ನಿನ ಮುಚ್ಚಳ ಹಾಕಿದರು.

ಫೈಲಕ್ಕನ ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮನೆಗೆ ಬಂದವರ ಮಾತಿನಲ್ಲಿ ತಪ್ಪು ಕಂಡರೆ ಈಗಲೂ ಅವರ ಕೈ ಕೆಂಪು ಪೆನ್ನು ಹುಡುಕುತ್ತಿತ್ತು. ಅವರಿಗೆ ಲೋಕದಲ್ಲಿ ಪ್ರೀತಿ ಇದ್ದದ್ದು ಎರಡರ ಮೇಲೆ, ಒಂದು ಲೆಕ್ಕ, ಇನ್ನೊಂದು ಆ ಹಳದಿ ಬೆಕ್ಕು. ಮಗನನ್ನು ಹೊಟ್ಟೆಗೆ ಹಾಕಿಕೊಂಡಿದ್ದರು. ಸೊಸೆಯನ್ನು ಇನ್ನೂ ಪರಿಶೀಲಿಸುತ್ತಿದ್ದರು.

ಡಾಕ್ಟರ ಆಜ್ಞೆ ಕೇಳಿದ ಅತ್ತೆ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಬಸ್ಸಿನಲ್ಲಿ ಒಯ್ದು, ಮಗಳ ಮನೆಯಲ್ಲಿ ಬಿಟ್ಟು ಬಂದರು. ಬಂದವರೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸುತ್ತು ಹಾಕಿದರು. "ಇವತ್ತಿಂದ ನೋಡೋಣ" ಎಂದರು.

ನೋಡಿದರು. ಹನ್ನೊಂದನೆಯ ದಿನ ಸೀಟಿ, ಹದಿಮೂರನೆಯ ದಿನ ನೋವು, ಹದಿನಾಲ್ಕನೆಯ ದಿನ ನಾಲ್ಕನೆಯ ಮಹಡಿ.

ಮಂಚದ ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಅತ್ತೆ ಕೇಳಿದರು, "ಬೆಕ್ಕು ಹೋದ ಮೇಲೂ ಬಂತಲ್ಲ?"

"ಬಂತು ಅತ್ತೆ."

"ಹಾಗಾದ್ರೆ ಬೆಕ್ಕಿನ ಮೇಲೆ ಸುಮ್ಮನೆ ಆರೋಪ ಹೊರಿಸಿದ ಹಾಗಾಯ್ತು."

"ನಾನಲ್ಲ ಅತ್ತೆ, ಡಾಕ್ಟ್ರು..."

"ನಿನ್ನ ಫೈಲು ನಿನ್ನ ಕೈಯಲ್ಲೇ ಇರುತ್ತಲ್ಲ. ಯಾವತ್ತು ಯಾವತ್ತು ಬಿದ್ದೆ, ಬರೆದು ಕೊಡು. ನಾನು ನೋಡ್ತೀನಿ."

ಹನ್ನೊಂದು ವರ್ಷ ಲೋಕದ ಕಡತಗಳನ್ನೆಲ್ಲ ಜೋಡಿಸಿದ ಫೈಲಕ್ಕ ತನ್ನದನ್ನು ಹೀಗೆ ಒಂದು ಸಲವೂ ಓದಿರಲಿಲ್ಲ. ವಾಸಿಯಾಗಿ ಕೆಳಗೆ ಹೋದವಳು ಮೂರು ಸಂಪುಟ ಹರವಿಕೊಂಡು ದಿನಾಂಕಗಳನ್ನು ಒಂದು ಹಾಳೆಗೆ ಇಳಿಸಿದಳು. ಅತ್ತೆ ಆ ಹಾಳೆಯನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೆಂಪು ಪೆನ್ನು ಹಿಡಿದು ಕೂತರು. ಒಂದು ಗಂಟೆಯಾದ ಮೇಲೆ ತಲೆ ಎತ್ತಿ, "ರಜೆ ಹಾಕಿದ ತಿಂಗಳು ಒಂದ್ಸಲಾನೂ ಇಲ್ಲ. ವರ್ಷದ ಕೊನೆ, ನೀನು ಫೈಲೆಲ್ಲಾ ಕೆಳಗಿಳಿಸಿ ಎಣಿಸ್ತೀಯಲ್ಲ, ಆಗ ಎರಡೂ ವರ್ಷ ತಪ್ಪಿಲ್ಲ. ಪೈಪು ಒಡೆಯೋಕೆ ಮುಂಚೆ ವರ್ಷಕ್ಕೆ ಒಂದೂವರೆ. ಒಡೆದ ಮೇಲೆ ಐದು" ಎಂದರು. ಆಮೇಲೆ ಎದ್ದುಹೋಗಿ ಒಗೆಯಲು ಹಾಕಿದ್ದ ಸೊಸೆಯ ಬಟ್ಟೆಯನ್ನು ಮೂಗಿಗೆ ಹಿಡಿದು ನೋಡಿದರು. "ಮುಗ್ಗಲು ವಾಸನೆ. ನನ್ನ ಬೆಕ್ಕು ಯಾವತ್ತೂ ಹೀಗೆ ನಾತ ಹೊಡೆದಿದ್ದಿಲ್ಲ."

ಮರುದಿನ ಅತ್ತೆಯೇ ಐದನೆಯ ಮಹಡಿ ಹತ್ತಿದರು. ಎದೆಯ ಡಾಕ್ಟರ ಮುಂದೆ ಹಾಳೆ ಇಟ್ಟು, ಬೆಕ್ಕು ಅಪರಾಧಿ ಎನ್ನಲು ಯಾವ ಪರೀಕ್ಷೆ ಮಾಡಿದ್ದೀರೆಂದು ಕೇಳಿದರು. ಮಾಡಿಲ್ಲವೆಂದು ಡಾಕ್ಟರು ಒಪ್ಪಿಕೊಂಡರು. ಹಾಗಾದರೆ ಮಾಡಿ ಎಂದರು ಅತ್ತೆ. ಡಾಕ್ಟರಿಗೆ ಅರವತ್ತು ಹತ್ತಿರವಾಗಿತ್ತು, ಆದರೂ ಆ ದನಿಗೆ ಬೆಂಚಿನ ಮೇಲೆ ಎದ್ದು ನಿಲ್ಲಬೇಕೆನಿಸಿರಬೇಕು. ತಕ್ಷಣ ಚೀಟಿ ಬರೆದುಕೊಟ್ಟರು.

ಅಲರ್ಜಿ ಪರೀಕ್ಷೆ ಮಾಡುವ ಹುಡುಗಿ ಫೈಲಕ್ಕನ ಮುಂಗೈ ಮೇಲೆ ಪೆನ್ನಿನಿಂದ ಹನ್ನೆರಡು ಗುರುತು ಹಾಕಿ, ಒಂದೊಂದರ ಮೇಲೆ ಒಂದೊಂದು ಹನಿ ಬಿಟ್ಟು, ಸೂಜಿಯಿಂದ ಮೆಲ್ಲಗೆ ಚುಚ್ಚಿದಳು. ಕಾಲು ಗಂಟೆ ಕಾಯಬೇಕು. ಅತ್ತೆ ಗಡಿಯಾರ ನೋಡುತ್ತ ಕೂತರು. ಬೆಕ್ಕಿನ ಗುರುತು ಚುಚ್ಚಿದ್ದೇ ಗೊತ್ತಿಲ್ಲವೆಂಬಂತೆ ತಣ್ಣಗಿತ್ತು. ಬೂಷ್ಟಿನ ಎರಡು ಗುರುತುಗಳು ಕೆಂಪಗೆ ಊದಿಕೊಂಡು ಕಡಿಯತೊಡಗಿದವು.

"ನಿಮಗೆ ಬೂಷ್ಟಿನ ಅಲರ್ಜಿ ಜೋರಾಗೇ ಇದೆ ಅಕ್ಕಾ" ಎಂದಳು ಹುಡುಗಿ.

"ಬೆಕ್ಕು?" ಎಂದರು ಅತ್ತೆ.

"ಏನೂ ಇಲ್ಲ."

"ಅದನ್ನ ಬರೆದುಕೊಡಮ್ಮ. ಸಹಿ ಹಾಕಿ."

ಅಂದು ಸಂಜೆಯೇ ಅತ್ತೆ ಬುಟ್ಟಿ ಹಿಡಿದು ಮಗಳ ಮನೆಗೆ ಹೋದರು. ಅಲ್ಲಿ ಬೆಕ್ಕಿಗೆ ದಿನಕ್ಕೆ ಮೂರು ಹೊತ್ತು ಮೀನು ಸಿಗುತ್ತಿತ್ತು. ಅದು ಅತ್ತೆಯನ್ನು ನೋಡಿ ಬೀರುವಿನ ಮೇಲೆ ಹತ್ತಿ ಕೂತದ್ದು ಇಳಿಯಲೇ ಇಲ್ಲ. ಖಾಲಿ ಬುಟ್ಟಿಯೊಂದಿಗೆ ಬಂದ ಅತ್ತೆಯ ಮುಖ ನೋಡಿ ಮಗ ಬುಟ್ಟಿಯನ್ನು ಇಸಿದುಕೊಂಡು ಮಂಚದಡಿ ತಳ್ಳಿದ. ಅತ್ತೆಯ ಸಿಟ್ಟಿಗೆ ಈಗ ಒಂದು ಗುರಿ ಬೇಕಿತ್ತು. ಅದೃಷ್ಟಕ್ಕೆ ಅದು ಸೊಸೆಯಾಗಿರಲಿಲ್ಲ. "ಆ ನಿಮ್ಮ ಆಡಳಿತಾಧಿಕಾರಿ ಕೂರೋದು ಯಾವ ಮಹಡೀಲಿ?" ಎಂದು ಕೇಳಿದರು.

"ಅತ್ತೆ, ಇದು ನನ್ನ ಕೆಲಸದ ಜಾಗ. ನಾನೇ ಮಾತಾಡ್ತೀನಿ."

ಅತ್ತೆ ಅವಳನ್ನು ದಿಟ್ಟಿಸಿ ನೋಡಿ, "ಸರಿ. ಆದ್ರೆ ಬರವಣಿಗೇಲಿ ಕೊಡು" ಎಂದರು.

ಆಡಳಿತಾಧಿಕಾರಿ ಎರಡನೆಯ ಮಹಡಿಯಲ್ಲಿ, ಬಿಸಿಲು ಬೀಳುವ ಕಡೆ ಕೂರುತ್ತಿದ್ದರು. ಅವರ ಕೋಣೆಯ ಪಕ್ಕಕ್ಕೇ ದೊಡ್ಡ ಸಭಾಂಗಣ. ಅವರು ನಗುನಗುತ್ತಲೇ ಮಾತಾಡುವವರು, ಯಾರಿಗೂ ಇಲ್ಲ ಎಂದವರಲ್ಲ, ಯಾರಿಗೂ ಏನೂ ಮಾಡಿಕೊಟ್ಟವರೂ ಅಲ್ಲ. ಫೈಲಕ್ಕನ ಅರ್ಜಿಯನ್ನು ಓದಿ ಒಂದು ಪದದ ಕೆಳಗೆ ಬೆರಳಿಟ್ಟರು.

"ಈ 'ಬೂಷ್ಟು' ಅಂತ ಬರೆದಿದ್ದೀರಲ್ಲಮ್ಮ, ಇದು ಬೇಡ."

"ಗೋಡೆ ಮೇಲೆ ಇದೆಯಲ್ಲ ಸಾರ್."

"ಇರಬಹುದು. ಆದ್ರೆ ಇದು ಆಸ್ಪತ್ರೆ. ಆಸ್ಪತ್ರೇಲಿ ಅದು ಇರೋ ಹಾಗಿಲ್ಲ. ಇರೋ ಹಾಗಿಲ್ಲ ಅಂದ ಮೇಲೆ ಅದು ಬೇರೆ ಏನೋ ಇರಬೇಕು. 'ಗೋಡೆಯ ಬಣ್ಣದಲ್ಲಿ ವ್ಯತ್ಯಾಸ' ಅಂತ ಬರೀರಿ, ನಾನು ಇವತ್ತೇ ಮುಂದಕ್ಕೆ ಕಳಿಸ್ತೀನಿ."

"ಬಣ್ಣದಲ್ಲಿ ವ್ಯತ್ಯಾಸ ಆದ್ರೆ ನನಗೆ ಉಬ್ಬಸ ಯಾಕೆ ಬರುತ್ತೆ ಸಾರ್?"

"ಅದು ಡಾಕ್ಟರ ವಿಷಯ. ನಾನು ಆಡಳಿತ" ಎಂದು ಕೈ ತೊಳೆದುಕೊಂಡರು.

ಫೈಲಕ್ಕ ಪದ ಬದಲಿಸಲಿಲ್ಲ. ಹಾಗಾಗಿ ಅರ್ಜಿಗೆ ಒಂದು ಸಮಿತಿ ಬೇಕಾಯಿತು. ಐದು ಜನರ ಸಮಿತಿ ಎರಡನೆಯ ಮಹಡಿಯ ಸಭಾಂಗಣದಲ್ಲಿ ನಾಲ್ಕು ಸಲ ಸೇರಿತು. ಮೊದಲ ಸಭೆಯಲ್ಲಿ ಸಮಿತಿಯ ಹೆಸರು ಏನಿರಬೇಕೆಂದು ಚರ್ಚಿಸಿದರು. ಎರಡನೆಯದರಲ್ಲಿ ಹಿಂದಿನ ಸಭೆಯ ನಡಾವಳಿಯಲ್ಲಿ 'ಬೂಷ್ಟು' ಎಂಬ ಪದ ನುಸುಳಿದ್ದನ್ನು ತೆಗೆಸಿದರು. ಮೂರನೆಯದರಲ್ಲಿ, ನೆಲಮಾಳಿಗೆಯನ್ನು ಕಣ್ಣಾರೆ ನೋಡಬೇಕೇ ಬೇಡವೇ ಎಂದು ಯೋಚಿಸಿದರು. ನಾಲ್ಕನೆಯದರಲ್ಲಿ ಕೊನೆಗೂ ನೋಡುವುದೆಂದು ತೀರ್ಮಾನವಾದಾಗ, ನೋಡುವ ಹಿಂದಿನ ದಿನ ಇಬ್ಬರು ಬಣ್ಣದವರು ಬಂದು ಹಿಂದಿನ ಗೋಡೆಗೆ ತಿಳಿನೀಲಿ ಬಳಿದು ಹೋದರು.

ಐದೂ ಜನ ಮೂಗುಬಾಯಿ ಮುಚ್ಚುವ ದಪ್ಪ ಮಾಸ್ಕು ಕಟ್ಟಿಕೊಂಡು ಲಿಫ್ಟಿನಿಂದ ಇಳಿದರು.

"ಮಾಸ್ಕು ಯಾಕೆ ಸಾರ್?" ಎಂದು ಫೈಲಕ್ಕ ಕೇಳಿದಳು.

"ಮುನ್ನೆಚ್ಚರಿಕೆ" ಎಂದರು ಆಡಳಿತಾಧಿಕಾರಿ, ಮಾಸ್ಕಿನ ಒಳಗಿಂದ.

"ಯಾವುದರಿಂದ?"

ಅವರು ನಕ್ಕರೋ ಇಲ್ಲವೋ ಮಾಸ್ಕಿನಿಂದಾಗಿ ಗೊತ್ತಾಗಲಿಲ್ಲ. ಹಸಿ ಬಣ್ಣದ ಗೋಡೆಯನ್ನು ಐದು ನಿಮಿಷ ನೋಡಿ, ರ್‍ಯಾಕುಗಳ ಹತ್ತಿರಕ್ಕೂ ಸುಳಿಯದೆ ಎಲ್ಲರೂ ಮೇಲೆ ಹೋದರು.

ಹತ್ತು ದಿನಕ್ಕೆ ವರದಿ ಬಂತು. ಗೋಡೆಯು ಸುಸ್ಥಿತಿಯಲ್ಲಿದೆ. ಬಣ್ಣದಲ್ಲಿದ್ದ ವ್ಯತ್ಯಾಸವನ್ನು ಸರಿಪಡಿಸಲಾಗಿದೆ. ಅರ್ಜಿದಾರರು ಹುಟ್ಟಿನಿಂದಲೇ ರಕ್ತದ ಕಾಯಿಲೆ ಉಳ್ಳವರಾದ್ದರಿಂದ ಅವರ ಅನಾರೋಗ್ಯಕ್ಕೆ ಅವರ ರಕ್ತವೇ ಕಾರಣ. ಆದರೂ ಮಾನವೀಯ ದೃಷ್ಟಿಯಿಂದ ಅವರನ್ನು ಮುಖ್ಯ ಗೇಟಿನ ವಿಚಾರಣಾ ಗೂಡಿಗೆ ವರ್ಗಾಯಿಸಲಾಗಿದೆ. ಒಂದು ವಾರದೊಳಗೆ ಎಲ್ಲ ಕಡತಗಳನ್ನೂ ಎಣಿಸಿ ಒಪ್ಪಿಸತಕ್ಕದ್ದು.

ಓದಿ ಮುಗಿಸಿದ ಫೈಲಕ್ಕನಿಗೆ ಅಳು ಬರಲಿಲ್ಲ, ನಗು ಬಂತು. ಬೂಷ್ಟು ಅಲ್ಲೇ ಖಾಯಂ, ವರ್ಗವಾದವಳು ಅವಳು. ಆಮೇಲೆ ಸಿಟ್ಟು ಬಂತು. ಗೇಟಿನ ಗೂಡಿನಲ್ಲಿ ಕೂತು ಶೌಚಾಲಯ ಎಲ್ಲಿದೆ ಎಂದು ದಿನಕ್ಕೆ ಇನ್ನೂರು ಸಲ ಹೇಳುವುದಕ್ಕೆ ಹನ್ನೊಂದು ವರ್ಷದ ನೆನಪು ಬೇಕಾಗಿರಲಿಲ್ಲ. ಗಾಳಿ ಬೆಳಕು ಅಲ್ಲಿ ಚೆನ್ನಾಗಿತ್ತು, ಅದನ್ನು ಅವಳು ಅಲ್ಲಗಳೆಯುತ್ತಿರಲಿಲ್ಲ. ಆದರೆ ಹೋಗುವುದಿದ್ದರೆ ಗೆದ್ದು ಹೋಗಬೇಕು, ತಳ್ಳಿಸಿಕೊಂಡಲ್ಲ ಎಂದು ಅವಳಿಗೆ ಅನಿಸಿತು. ಮನೆಯಲ್ಲಿ ಗಂಡ, "ಹೋಗ್ಲಿ ಬಿಡೇ, ಜೀವ ಮುಖ್ಯ" ಎಂದ. ಅತ್ತೆ ವರದಿಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಒಂದು ದೊಡ್ಡ ಸೊನ್ನೆ ಸುತ್ತಿದರು.

ಎಣಿಸುವುದೆಂದರೆ ಪ್ರತಿ ಕಡತವನ್ನೂ ಕೈಗೆತ್ತಿಕೊಳ್ಳಬೇಕು. ಕಟ್ಟಿಕೊಳ್ಳಲು ಒಂದು ಮಾಸ್ಕು ಕೊಡಿ ಎಂದು ಉಗ್ರಾಣಕ್ಕೆ ಚೀಟಿ ಕಳಿಸಿದಳು. ಸಮಿತಿಯ ವರದಿಯ ಪ್ರಕಾರ ಅಲ್ಲಿ ಮಾಸ್ಕಿನ ಅಗತ್ಯವಿಲ್ಲವೆಂದು ಚೀಟಿ ವಾಪಸು ಬಂತು. ದುಪಟ್ಟಾದಿಂದ ಮೂಗು ಕಟ್ಟಿಕೊಂಡು ಎಣಿಸಿದಳು. ಮೂರನೆಯ ದಿನಕ್ಕೆ ಸೀಟಿ ಶುರುವಾಯಿತು. ನಾಲ್ಕನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಇಪ್ಪತ್ತಾರನೆಯ ರ್‍ಯಾಕಿನ ಮುಂದೆ, ಎದೆಯೊಳಗೆ ಯಾರೋ ಚಾಕು ಇಟ್ಟು ತಿರುವಿದ ಹಾಗಾಗಿ ಅವಳು ಕುಸಿದಳು. ಫೋನು ಮೇಜಿನ ಮೇಲೆ. ಮೇಜು ಹದಿನೈದು ಹೆಜ್ಜೆ ದೂರ. ಆ ಹದಿನೈದು ಹೆಜ್ಜೆಯನ್ನು ಅಂಬೆಗಾಲಿಟ್ಟು ದಾಟಿ, ನಂಬರು ಒತ್ತಿ, "ಕೆಳಗೆ ಬನ್ನಿ" ಎಂದಷ್ಟೇ ಹೇಳಲು ಅವಳಿಗೆ ಸಾಧ್ಯವಾಯಿತು.

ಈ ಸಲದ್ದು ಬರೀ ನೋವಲ್ಲ. ಶ್ವಾಸಕೋಶದಲ್ಲೇ ರಕ್ತನಾಳಗಳು ಕಟ್ಟಿಕೊಂಡಿದ್ದವು. ಮುಖಕ್ಕೆ ಆಮ್ಲಜನಕದ ಕವಚ ಹಾಕಿದರೂ ಯಂತ್ರದ ಅಂಕಿ ಏರಲೊಲ್ಲದು. ರಕ್ತದ ಡಾಕ್ಟರಮ್ಮ ಓಡಿ ಬಂದರು. ಎದೆಯ ಡಾಕ್ಟರನ್ನೂ ಕರೆಸಿದರು. ವರ್ಷಗಳ ಮೇಲೆ ಇಬ್ಬರೂ ಒಂದೇ ಮಂಚದ ಎರಡು ಬದಿಗೆ ನಿಂತರು.

"ರಕ್ತ ಬದಲಾಯಿಸಬೇಕು. ಈಗಲೇ" ಎಂದರು ರಕ್ತದ ಡಾಕ್ಟರಮ್ಮ. "ಇವರಿಗೆ ಹಳೇ ಆಂಟಿಬಾಡಿ ಇದೆ. ಯಾವುದು ಅಂತ ಫೈಲಲ್ಲಿ ನೋಡಿ ಹೇಳಿ."

ಹಿಂದೆ ರಕ್ತ ಪಡೆದವರ ಮೈಯಲ್ಲಿ, ಹೊಂದದ ರಕ್ತವನ್ನು ಗುರುತಿಟ್ಟುಕೊಂಡು ದ್ವೇಷ ಸಾಧಿಸುವ ಕಣಗಳು ಹುಟ್ಟಿಕೊಂಡಿರುವುದುಂಟು. ವರ್ಷಗಳಾದ ಮೇಲೆ ಅವು ಹೊಸ ಪರೀಕ್ಷೆಗೆ ಕಾಣಿಸದಂತೆ ಅಡಗಿ ಕೂರಬಹುದು. ತಪ್ಪು ರಕ್ತ ಕೊಟ್ಟರೆ ಮೇಲೆದ್ದು ಕೊಲ್ಲಲೂಬಹುದು. ಹಾಗಾಗಿ ಹಳೆಯ ಕಾಗದವೇ ಗತಿ.

ಫೈಲಕ್ಕ ಬೆರಳಲ್ಲಿ ತೋರಿಸಿದ ರ್‍ಯಾಕಿನ ನಂಬರು ಹಿಡಿದು ನರ್ಸು ಕೆಳಗೆ ಓಡಿ ಎರಡನೆಯ ಸಂಪುಟ ತಂದಳು. ರಕ್ತದ ಡಾಕ್ಟರಮ್ಮ ಅದನ್ನು ಬಿಚ್ಚಿದರು. ಬಿಳಿ ಪುಡಿ ಹಾರಿತು. ಡಾಕ್ಟರಮ್ಮ ಸೀನಿದರು. ಎದೆಯ ಡಾಕ್ಟರು ಇನ್ನೂ ಜೋರಾಗಿ ಸೀನಿದರು. ಬೇಕಾಗಿದ್ದ ಹಾಳೆ ಅದರ ಹಿಂದಿನ ಹಾಳೆಗೆ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಲು ಹೋದರೆ ತೇವದ ರೊಟ್ಟಿಯಂತೆ ಚೂರುಚೂರಾಗಿ ಬಂತು. ಅಕ್ಷರಗಳಿದ್ದ ಕಡೆ ಕಪ್ಪು ಮಚ್ಚೆಗಳು.

"ಏನಿದು?" ಎಂದು ಡಾಕ್ಟರಮ್ಮ ಕಿರುಚಿದರು.

ಫೈಲಕ್ಕ ಕವಚವನ್ನು ಒಂದಿಷ್ಟು ಸರಿಸಿದಳು. ಒಂದೊಂದು ಪದಕ್ಕೂ ಒಂದೊಂದು ಉಸಿರು ಬೇಕಾಯಿತು. "ಆಂಟಿ... ಇ. ಆಂಟಿ... ಕೆಲ್. ಎಂಬತ್ತ... ನಾಲ್ಕನೇ ಪುಟ. ನಿಮ್ಮದೇ... ಅಕ್ಷರ."

"ಖಂಡಿತಾನಾ?"

ಅವಳು ಕಣ್ಣು ಮುಚ್ಚಿ ತೆರೆದಳು. ಅತ್ತೆಯ ಹಾಳೆಗೆಂದು ದಿನಾಂಕ ಇಳಿಸುವಾಗ ಆ ಪುಟ ಇನ್ನೂ ಓದುವಂತಿತ್ತು. ಓದಿದ್ದು ಮರೆಯುವ ಜಾತಿಯೇ ಅಲ್ಲ ಅವಳದು.

ರಕ್ತನಿಧಿಯವರು ಆ ಎರಡನ್ನೂ ತಪ್ಪಿಸಿ ಹೊಂದುವ ರಕ್ತ ಹುಡುಕಿ ತಂದರು. ಸಂಜೆಯವರೆಗೆ ಹಳೆಯದು ಹೊರಗೆ, ಹೊಸದು ಒಳಗೆ. ಸಂಜೆ ಯಂತ್ರದ ಅಂಕಿ ಮೆಲ್ಲಗೆ ಏರತೊಡಗಿತು. ಹೊರಗೆ ಬೆಂಚಿನ ಮೇಲೆ ಗಂಡ ಹಳೆಯ ಬೀಗವೊಂದನ್ನು ಜೇಬಿನಿಂದ ತೆಗೆದು ತೆರೆಯುವುದು ಮುಚ್ಚುವುದು ಮಾಡುತ್ತ ಕೂತಿದ್ದ. ಅತ್ತೆ ಒಳಗೆ ಬಂದು ಸೊಸೆಯ ಹಣೆ ಮುಟ್ಟಿ, "ಆ ಎರಡು ಹೆಸರು ನನಗೂ ಬರೆದುಕೊಡು. ಇನ್ನೊಬ್ಬರಿಗೆ ಗೊತ್ತಿರಬೇಕು" ಎಂದರು. ಮದುವೆಯಾಗಿ ಎಂಟು ವರ್ಷದಲ್ಲಿ ಅತ್ತೆ ಅವಳ ಹಣೆ ಮುಟ್ಟಿದ್ದು ಅದೇ ಮೊದಲು. ಫೈಲಕ್ಕ ನೋವಿಗೆ ಅತ್ತಿರಲಿಲ್ಲ, ಈಗ ಅತ್ತಳು.

ಮರುದಿನ ಇಬ್ಬರು ಡಾಕ್ಟರುಗಳೂ ಎಂಟನೆಯ ಗುಂಡಿ ಒತ್ತಿ ಕೆಳಗೆ ಹೋದರು. ತಿಳಿನೀಲಿ ಬಣ್ಣ ಆಗಲೇ ಗುಳ್ಳೆಯೆದ್ದು ಉದುರುತ್ತಿತ್ತು. ಅದರ ಹಿಂದಿನಿಂದ ಕಪ್ಪು ಇಣುಕುತ್ತಿತ್ತು. ಇಬ್ಬರೂ ತಮ್ಮ ತಮ್ಮ ರೋಗಿಗಳ ನಾಲ್ಕಾರು ಕಡತ ಬಿಚ್ಚಿ ನೋಡಿದರು. ಅರ್ಧದಷ್ಟರಲ್ಲಿ ಹಾಳೆಗಳು ಅಂಟಿದ್ದವು. ಎದೆಯ ಡಾಕ್ಟರ ಕಣ್ಣು ಕೆಂಪಾಗಿ ಮೂಗು ಸೋರತೊಡಗಿತು. ಅಲ್ಲಿಂದ ನೇರ ಎರಡನೆಯ ಮಹಡಿಗೆ ಹೋಗಿ, ಆಡಳಿತಾಧಿಕಾರಿಯ ಮೇಜಿನ ಮೇಲೆ ಬೂಷ್ಟು ಹಿಡಿದ ಒಂದು ಕಡತವನ್ನು ದಪ್ಪೆಂದು ಹಾಕಿದರು. ಆಡಳಿತಾಧಿಕಾರಿಗೆ ಮಾಸ್ಕು ಕಟ್ಟಿಕೊಳ್ಳಲು ಸಮಯ ಸಿಗಲಿಲ್ಲ.

ಆಮೇಲೆ ಎಲ್ಲ ಚುರುಕಾಗಿ ನಡೆಯಿತು. ಒಬ್ಬ ಉದ್ಯೋಗಿಯ ಎದೆ ಎರಡು ವರ್ಷ ಸೀಟಿ ಊದಿದರೂ ಅಲುಗಾಡದ ಆಸ್ಪತ್ರೆ, ಡಾಕ್ಟರುಗಳು ಎರಡು ಸಲ ಸೀನಿದ ಕೂಡಲೇ ಮೈಕೊಡವಿ ಎದ್ದಿತು. ಕಡತಗಳಿಗೆ ಗಾಳಿ, ಬಿಸಿಲು, ಒಣ ಜಾಗ ಬೇಕೆಂದು ಇಬ್ಬರು ಡಾಕ್ಟರುಗಳೂ ಒಟ್ಟಿಗೆ ಬರೆದರು. ಅಂಥ ಜಾಗ ಇಡೀ ಕಟ್ಟಡದಲ್ಲಿ ಒಂದೇ ಇತ್ತು, ಎರಡನೆಯ ಮಹಡಿಯ ಸಭಾಂಗಣ. ಅಲ್ಲಿಂದ ಉದ್ದ ಮೇಜನ್ನೂ ಇಪ್ಪತ್ತು ಮೆತ್ತನೆ ಕುರ್ಚಿಗಳನ್ನೂ ಹೊರಗೆ ಸಾಗಿಸುವಾಗ ಆಡಳಿತಾಧಿಕಾರಿ ಬಾಗಿಲಲ್ಲಿ ನಿಂತು, ಹೆಣ್ಣು ಕೊಟ್ಟು ಕಳಿಸುವ ತಂದೆಯ ಹಾಗೆ ನೋಡುತ್ತಿದ್ದರಂತೆ. ಸುತ್ತೋಲೆಯಲ್ಲಿ "ಕಡತಗಳ ಆರೋಗ್ಯದ ದೃಷ್ಟಿಯಿಂದ ಈ ಕ್ರಮ" ಎಂದಿತ್ತು. ಫೈಲಕ್ಕನ ಆರೋಗ್ಯದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ ಯಾವ ಕಡತ ಎಲ್ಲಿದೆ ಎಂದು ಬೇರೆ ಯಾರಿಗೂ ಗೊತ್ತಿಲ್ಲದ ಕಾರಣ, ಗೇಟಿನ ಗೂಡಿನ ಆದೇಶವನ್ನು ಯಾರೋ ಸದ್ದಿಲ್ಲದೆ ಹರಿದು ಹಾಕಿದ್ದರು.

ಒಂದೂವರೆ ತಿಂಗಳ ರಜೆ ಮುಗಿಸಿ ಅವಳು ಬಂದಾಗ ಕಿಟಕಿಗಳು ತೆರೆದಿದ್ದವು. ಹಾಳಾದ ಕಡತಗಳನ್ನು ಹೊರಗಿನಿಂದ ಕರೆಸಿದ ಕೆಲಸಗಾರರು ಮೈತುಂಬ ಕವಚ ತೊಟ್ಟು ಶುದ್ಧ ಮಾಡಿ ಇಟ್ಟಿದ್ದರು. ಕಾಯಿಲೆ ಎಲ್ಲಿ ಹೋಗುತ್ತದೆ, ಅದು ಅವಳ ಜೊತೆಗೇ ಇತ್ತು. ಮುಂದಿನ ಚಳಿಗೆ ಒಂದು ಸಲ ಕಾಲು ಹಿಡಿದು ನಾಲ್ಕು ದಿನ ಮಲಗಿಸಿತು. ಆದರೆ ಸೀಟಿ ನಿಂತಿತ್ತು. ಮೆಟ್ಟಿಲು ಹತ್ತಿ ಬಂದರೂ ಮಾತಾಡಲು ಉಸಿರು ಉಳಿಯುತ್ತಿತ್ತು.

ಖಾಲಿಯಾದ ನೆಲಮಾಳಿಗೆಯನ್ನು ಆಡಳಿತಾಧಿಕಾರಿ ಸುಮ್ಮನೆ ಬಿಟ್ಟಾರೆಯೇ? ಇನ್ನೊಂದು ಸಲ ತಿಳಿನೀಲಿ ಬಳಿಸಿ, ವಾರ್ಡುಗಳಿಗೆ ಹೋಗುವ ಒಗೆದ ಹಾಸಿಗೆ ಬಟ್ಟೆಗಳನ್ನು ಅಲ್ಲಿ ಜೋಡಿಸಲು ಹೇಳಿದರು. ಅದನ್ನು ನೋಡಿಕೊಳ್ಳಲು ಐವತ್ತು ದಾಟಿದ ಒಬ್ಬ ಹೆಂಗಸನ್ನು ಹಾಕಿದರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಲಿಫ್ಟಿನಲ್ಲಿ ಅವರು ಫೈಲಕ್ಕನ ಪಕ್ಕ ನಿಂತು ಕೆಮ್ಮಿದರು. ಮಹಡಿ ಬಂದರೂ ಕೆಮ್ಮು ನಿಲ್ಲಲಿಲ್ಲ.

"ಎಷ್ಟು ದಿನದಿಂದ ಅಕ್ಕಾ?"

"ಏನಿಲ್ಲಮ್ಮ, ಬಟ್ಟೆ ಧೂಳು. ನನಗೆ ನಿಮ್ಮ ಹಾಗೆ ರಕ್ತದ ಕಾಯಿಲೆ ಗೀಯಿಲೆ ಏನೂ ಇಲ್ಲಪ್ಪ."

"ಅದಿಲ್ಲದವರಿಗೂ ಮೂಗು ಇರುತ್ತಲ್ಲ" ಎಂದಳು ಫೈಲಕ್ಕ.

ಅವರನ್ನು ಕೈಹಿಡಿದು ಐದನೆಯ ಮಹಡಿಗೆ ಕರೆದೊಯ್ದಳು. ದಾರಿಯಲ್ಲಿ ಅವರಿಗೆ ಎರಡು ಬುದ್ಧಿಮಾತು ಹೇಳಿದಳು. ಒಂದು, ಏನು ಕೊಟ್ಟರೂ ಬರವಣಿಗೆಯಲ್ಲಿ ಕೊಡಿ. ಎರಡು, ಯಾವ ಪದ ಬೇಡ ಅಂತಾರೋ ಅದನ್ನೇ ಬರೀರಿ. ಎದೆಯ ಡಾಕ್ಟರು ಆ ಹೆಂಗಸಿನ ಬೆನ್ನಿಗೆ ಕೊಳವೆ ಹಚ್ಚಿ ಆಲಿಸಿ, ಕಿವಿಯಿಂದ ಅದನ್ನು ತೆಗೆದು, "ಮನೇಲಿ ಬೆಕ್ಕು..." ಎಂದು ಶುರು ಮಾಡಿದವರು, ಬಾಗಿಲಲ್ಲಿ ನಿಂತಿದ್ದ ಫೈಲಕ್ಕನನ್ನು ನೋಡಿ ತಡೆದರು.

"ಕೆಲಸ ಮಾಡೋದು ಎಲ್ಲಿ?" ಎಂದು ಕೇಳಿದರು.